ಅಪ್ಪನ ಮೇಳಕ್ಕೆ ಸರ್ಕಾರದ ಹಣ ಕೇಳುವುದು ತಪ್ಪೇ?

ಪ್ರಶ್ನೆ: ನಾನು ನಾಗಮಂಗಲ ತಾಲ್ಲೂಕಿನವನು. ವಯಸ್ಸು 34. ಬಿ.ಎ. ಮುಗಿಸಿ ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದೇನೆ. ತಂದೆಯವರಿಗೆ 67 ವರ್ಷ, ಮೂಡಲಪಾಯದ, ಅಂದರೆ ನಮ್ಮ ಬಯಲುಸೀಮೆಯ ಯಕ್ಷಗಾನದ ಭಾಗವತರು. ತಾತನವರೂ ಭಾಗವತರೇ. ಮೇಳದಲ್ಲಿ ಹಿಂದೆ ಹದಿನಾರು ಜನರಿದ್ದರು, ಈಗ ಒಂಬತ್ತು ಜನ. ಮುಖವೀಣೆ ಎಂಬ ಊದುವ ವಾದ್ಯ ನುಡಿಸುತ್ತಿದ್ದವರು ತೀರಿಕೊಂಡ ಮೇಲೆ ಹಾರ್ಮೋನಿಯಂನಲ್ಲೇ ಕಾಲ ಹಾಕುತ್ತಿದ್ದೇವೆ. 2014ರಲ್ಲಿ ಸಂಘ ನೋಂದಾಯಿಸಿದೆವು, ಆಮೇಲೆ ಲೆಕ್ಕಪತ್ರ ಸಲ್ಲಿಸಿಲ್ಲ. ಒಂದು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆವು, ಉತ್ತರವೇ ಬರಲಿಲ್ಲ. ಒಂದು ಉತ್ಸವದಲ್ಲಿ ಇಪ್ಪತ್ತು ನಿಮಿಷ ಕುಣಿದೆವು, ಸಂಭಾವನೆ ಕೈಸೇರಲು ಏಳು ತಿಂಗಳಾಯಿತು. ಈಗ ಒಬ್ಬರು ಬಂದು ದೆಹಲಿಯಿಂದ ಐದು ಲಕ್ಷ ಮಂಜೂರು ಮಾಡಿಸುತ್ತೇನೆ, ನನಗೆ ಶೇ 30 ಕೊಡಿ ಎನ್ನುತ್ತಿದ್ದಾರೆ. ಪಕ್ಕದ ಊರಿನ ಪೌರಾಣಿಕ ನಾಟಕದವರು ಯಾರನ್ನೂ ಕೇಳದೆ ಕೈಯಿಂದ ಹಣ ಹಾಕಿ ಆಡುತ್ತಾರೆ, ನಾವೇಕೆ ಕೈಯೊಡ್ಡಬೇಕು, ಅದಕ್ಕಿಂತ ಕಿರೀಟಗಳನ್ನು ಅಟ್ಟಕ್ಕೆ ಹಾಕಿಬಿಡೋಣ ಎಂದು ಅಪ್ಪ ಹೇಳುತ್ತಾರೆ. ಕಲಿಯಲು ಮೂವರು ಹುಡುಗರು ಸಿದ್ಧರಿದ್ದಾರೆ. ಏನು ಮಾಡಲಿ?

ಉತ್ತರ: ಅರ್ಜಿ, ನಮೂನೆ, ದಾಖಲೆಗಳ ಮಾತು ಆಮೇಲೆ ಆಡೋಣ. ಮೊದಲು ನಿಮ್ಮ ತಂದೆಯವರ ಮಾತನ್ನು ಎತ್ತಿಕೊಳ್ಳುತ್ತೇನೆ. ಭಾಗವತರು ಒಪ್ಪದಿದ್ದರೆ ಮೇಳ ಒಪ್ಪುವುದಿಲ್ಲ. ಮೇಳ ಒಪ್ಪದಿದ್ದರೆ ನಾನು ಇಲ್ಲಿ ಬರೆಯುವುದೆಲ್ಲ ನೀರಿನಲ್ಲಿ ಹೋಮ.

ಪಕ್ಕದೂರಿನ ನಾಟಕದ ಲೆಕ್ಕಾಚಾರವೇ ಬೇರೆ. ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕದ ಪಾತ್ರಧಾರಿಗಳು ಪಾತ್ರಕ್ಕೆ ಇಷ್ಟು ಎಂದು ಹಣ ಕಟ್ಟಿ ಆಡುತ್ತಾರೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಒಂದೆರಡು ಮಾತಿನ ಪಾತ್ರಕ್ಕೆ ಕಡಿಮೆ. ಸೀನರಿಯ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲವೂ ಆ ಹಣದಲ್ಲೇ ಕಳೆಯುತ್ತದೆ. ಯಾವ ಅಕಾಡೆಮಿಯ ಹಂಗೂ ಇಲ್ಲದೆ ಇಷ್ಟು ಗಟ್ಟಿಯಾಗಿ ನಿಂತಿರುವ ಇನ್ನೊಂದು ರಂಗಭೂಮಿಯನ್ನು ನಾನು ಹತ್ತಿರದಿಂದ ಕಂಡಿಲ್ಲ. ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅಲ್ಲಿ ಆಡುವವನೇ ಪೋಷಕ. ಜಮೀನೋ ನೌಕರಿಯೋ ಇದ್ದು, ವರ್ಷಕ್ಕೊಮ್ಮೆ ಗದೆ ಹಿಡಿಯುವ ಆಸೆಗೆ ಖರ್ಚು ಮಾಡುವವನು. ನಿಮ್ಮ ಮೇಳ ನಿಂತದ್ದು ಹಾಗಲ್ಲ. ಅದನ್ನು ಸಾಕಿದ್ದು ಊರು, ದೇವಸ್ಥಾನ, ಸುಗ್ಗಿಯ ಕಣ.

ಹಳೆಯ ಮೈಸೂರು ಸೀಮೆಯಲ್ಲಿ ದೇವರ ಸೇವೆ ಮಾಡುವವರಿಗೆ, ವಾದ್ಯದವರಿಗೆ ಇನಾಂ ಭೂಮಿ ಇರುತ್ತಿತ್ತು. 1950ರ ದಶಕದಲ್ಲಿ ಇನಾಂ ರದ್ದತಿ ಕಾಯ್ದೆಗಳು ಬಂದವು. ಉಳುವವನಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ನೆಲಕ್ಕೂ ಸೇವೆಗೂ ಇದ್ದ ನಂಟು ಕಳಚಿತು. ಅತ್ತ ಅರಮನೆಯ ಪೋಷಣೆಯೂ ಹಾಗೆಯೇ ಮುಗಿಯಿತು. ವೀಣೆ ಶೇಷಣ್ಣನವರನ್ನೋ ಮೈಸೂರು ವಾಸುದೇವಾಚಾರ್ಯರನ್ನೋ ಆಸ್ಥಾನದಲ್ಲಿ ಇಟ್ಟುಕೊಂಡು ಸಾಕಿದಾಗ ಯಾರೂ ಅವರನ್ನು ಕೈಯೊಡ್ಡಿದವರು ಎನ್ನಲಿಲ್ಲ. ಸಂಸ್ಥಾನಗಳು ಹೋದವು, ಆದರೆ ಸಾಕುವ ಹೊಣೆ ಹೋಗಲಿಲ್ಲ. ಕೇಂದ್ರದ ಸಂಗೀತ ನಾಟಕ ಅಕಾಡೆಮಿ 1953ರಲ್ಲಿ, ಸಾಹಿತ್ಯ ಅಕಾಡೆಮಿ ಮತ್ತು ಲಲಿತಕಲಾ ಅಕಾಡೆಮಿ 1954ರಲ್ಲಿ ಕೆಲಸ ಶುರುಮಾಡಿದ್ದು ಆ ಹಿನ್ನೆಲೆಯಲ್ಲೇ. ರಾಜ್ಯದ ಅಕಾಡೆಮಿಗಳು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರ ಎಲ್ಲವೂ ಅದೇ ಹೊಣೆಯನ್ನು ಹೊತ್ತವು. ಅಲ್ಲಿರುವುದು ಯಾರದೋ ಧರ್ಮದ ಗಂಟಲ್ಲ, ನಿಮ್ಮ ತಂದೆಯವರು ಬೆಂಕಿಪೊಟ್ಟಣ ಕೊಂಡಾಗಲೂ ಕಟ್ಟಿದ ತೆರಿಗೆ. ಇದನ್ನು ಅವರಿಗೆ ಓದಿ ಹೇಳಿ.

ಇನ್ನು ‘ಗುರುತಿದ್ದವರಿಗೆ ಮಾತ್ರ ಹಣ’ ಎಂಬ ಮಾತು. ನಿಮ್ಮ ಪತ್ರದಲ್ಲಿ ಅದನ್ನು ಬಾಯಿಬಿಟ್ಟು ಹೇಳಿಲ್ಲ, ಆದರೆ ಸಾಲುಗಳ ನಡುವೆ ಕಾಣಿಸುತ್ತದೆ. ಅದರಲ್ಲಿ ನಿಜ ಇಲ್ಲವೆಂದರೆ ನಾನು ಸುಳ್ಳುಗಾರನಾಗುತ್ತೇನೆ. ರಾಜ್ಯದ ಅಕಾಡೆಮಿಗಳ ಅಧ್ಯಕ್ಷರನ್ನೂ ಸದಸ್ಯರನ್ನೂ ಸರ್ಕಾರ ನಾಮನಿರ್ದೇಶನ ಮಾಡುತ್ತದೆ. ಸರ್ಕಾರ ಬದಲಾದರೆ ಅವರೂ ಬದಲಾಗುತ್ತಾರೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕುರ್ಚಿಗಳು ಖಾಲಿ ಇರುತ್ತವೆ. ಹಣ ಸರ್ಕಾರ ಕೊಡಲಿ, ಯಾರಿಗೆ ಎಂಬುದನ್ನು ಬಲ್ಲವರು ತೀರ್ಮಾನಿಸಲಿ, ಮಂತ್ರಿ ಅದರಲ್ಲಿ ಕೈಹಾಕದಿರಲಿ ಎಂಬ ನಿಯಮವನ್ನು ಬ್ರಿಟನ್ನಿನವರು 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಸ್ಥಾಪಿಸಿದಾಗಿನಿಂದ ಹೇಳಿಕೊಂಡು ಬಂದಿದ್ದಾರೆ. ನಮ್ಮ ಅಕಾಡೆಮಿಗಳೂ ಕಾಗದದ ಮೇಲೆ ಸ್ವಾಯತ್ತವೇ. ಆಚರಣೆಯಲ್ಲಿ ಆ ಗೆರೆ ಎಷ್ಟು ತೆಳು ಎಂಬುದು ನಿಮಗೂ ಗೊತ್ತು.

ಆದರೂ ಅನುದಾನದ ಕಡತಗಳ ನಡುವೆ ಬಹಳ ವರ್ಷ ಕಳೆದವನಾಗಿ ಒಂದು ಮಾತು ಹೇಳುತ್ತೇನೆ. ನಾನು ಕಂಡ ಬಹುಪಾಲು ಅರ್ಜಿಗಳು ಪ್ರಭಾವ ನಡೆಯುವ ಹಂತದವರೆಗೂ ಹೋಗಲಿಲ್ಲ, ಅದಕ್ಕೂ ಮೊದಲೇ ಸತ್ತವು. ಪಾಸ್‌ಬುಕ್ಕಿನ ಪ್ರತಿ ಇಲ್ಲ. ಸಂಘದ ನವೀಕರಣ ಇಲ್ಲ. ಲೆಕ್ಕಪರಿಶೋಧನೆ ಇಲ್ಲ. ಒಮ್ಮೆ ಒಂದು ಸಮಿತಿಯ ಮುಂದೆ ಎರಡು ಅರ್ಜಿಗಳು ಒಟ್ಟಿಗೆ ಬಂದವು. ಒಂದರಲ್ಲಿ ಕಲೆಯ ಮಹತ್ವವನ್ನು ಕುರಿತು ನಾಲ್ಕು ಪುಟದ ಗದ್ಯ, ಓದಿದರೆ ಕಣ್ಣು ತುಂಬಬೇಕು. ಇನ್ನೊಂದರಲ್ಲಿ ಒಂದೇ ಪುಟ, ಹನ್ನೊಂದು ಊರುಗಳ ಹೆಸರು, ಆಡಿದ ದಿನಾಂಕ, ಹಿಂದೆ ಹನ್ನೊಂದು ಕರಪತ್ರ. ಮಂಜೂರಾದದ್ದು ಎರಡನೆಯದು. ಮೊದಲನೆಯ ತಂಡವೇ ಚೆನ್ನಾಗಿ ಕುಣಿಯುತ್ತಿತ್ತು ಎಂದು ನನಗೆ ಗೊತ್ತಿತ್ತು. ಆದರೆ ಅದನ್ನು ಹೇಳಲು ನಮೂನೆಯಲ್ಲಿ ಅಂಕಣವಿರಲಿಲ್ಲ.

ನೀವು ಡೇರಿಯವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಹಾಲು ತಂದವರು ಯಾರೇ ಆಗಲಿ, ನಿಮ್ಮ ಯಂತ್ರ ಜಿಡ್ಡು ಇಷ್ಟು ಎಂದು ಹೇಳಿಬಿಡುತ್ತದೆ. ಕಲೆಗೆ ಅಂಥ ಯಂತ್ರ ಇಲ್ಲ. ಭಾಗವತರ ಕಂಠಕ್ಕೆ ಲ್ಯಾಕ್ಟೋಮೀಟರ್ ಹಿಡಿಯಲು ಬರುವುದಿಲ್ಲ. ಹಾಗಾಗಿ ಕಚೇರಿ ಹಾಲನ್ನು ಬಿಟ್ಟು ಕ್ಯಾನನ್ನು ಅಳೆಯುತ್ತದೆ. ಎಷ್ಟು ಪ್ರದರ್ಶನ, ಎಷ್ಟು ಶಿಷ್ಯರು, ಎಷ್ಟು ತಿಂಗಳು, ಯಾವ ರಸೀದಿ. ‘ಮೂಡಲಪಾಯವನ್ನು ಉಳಿಸಿ’ ಎಂದು ಬರೆದರೆ ಯಾವ ಯೋಜನೆಗೂ ಅದು ಹೊಂದುವುದಿಲ್ಲ. ಒಂದು ಕಾರ್ಯಕ್ರಮ, ಒಬ್ಬ ಶಿಷ್ಯನ ಒಂದು ತಿಂಗಳ ಕಲಿಕೆ, ಒಂದು ದಾಖಲೀಕರಣ, ಒಬ್ಬ ಹಿರಿಯ ಕಲಾವಿದನ ಜೀವನಾಂಶ, ಇಷ್ಟನ್ನೇ ಅವು ಕೊಳ್ಳುವುದು. ಇವುಗಳಲ್ಲಿ ನೀವು ಏನನ್ನು ಮಾರಲು ಹೊರಟಿದ್ದೀರಿ ಎಂಬುದು ನಿಮ್ಮ ಎರಡು ಅರ್ಜಿಗಳಲ್ಲೂ ಸ್ಪಷ್ಟವಾಗಿರಲಿಲ್ಲ ಎಂದು ನನ್ನ ಊಹೆ. ಅರ್ಜಿ ಸರಿಯಾದ ಬಾಗಿಲಿಗೆ ಹೋಯಿತೇ ಎಂಬುದನ್ನೂ ನೋಡಿ. ಯಕ್ಷಗಾನ ಅಕಾಡೆಮಿ ಕರಾವಳಿಯವರದು ಎಂದು ನಮ್ಮ ಕಡೆಯ ಬಹಳ ಜನ ಅತ್ತ ತಲೆಹಾಕುವುದೇ ಇಲ್ಲ. ಅದು ಮೂಡಲಪಾಯದ ಕಲಾವಿದರನ್ನೂ ಗೌರವಿಸಿದೆ.

ಉತ್ತರವೇ ಬಾರದ ಅರ್ಜಿಗಳ ಗತಿ ತಿಳಿಯಲು ಮಾಹಿತಿ ಹಕ್ಕಿನಡಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು. ಜಗಳದ ಧ್ವನಿ ಬೇಡ. ‘ಇಂಥ ದಿನಾಂಕದ ಅರ್ಜಿಯ ಮೇಲಿನ ಟಿಪ್ಪಣಿಯ ಪ್ರತಿ ಕೊಡಿ’ ಎಂದಷ್ಟೇ ಬರೆಯಿರಿ. ಯಾವ ದಾಖಲೆಯ ಕೊರತೆಯಿಂದ ನಿಂತಿತು ಎಂಬುದು ಆ ಟಿಪ್ಪಣಿಯಲ್ಲಿ ಇರುತ್ತದೆ.

ಏಳು ತಿಂಗಳ ವಿಳಂಬಕ್ಕೆ ಕ್ಷಮೆ ಇಲ್ಲ, ಕಾರಣಗಳಿವೆ. ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಹುಟ್ಟಿ ಮಾರ್ಚ್ 31ಕ್ಕೆ ಸಾಯುತ್ತದೆ. ಹಣ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಉತ್ಸವ ಮಾತ್ರ ಕಂತಿಗೆ ಕಾಯುವುದಿಲ್ಲ. ನಿಮ್ಮ ಬಿಲ್ಲು ಖಜಾನೆಗೆ ಹೋದ ದಿನ ಆ ಲೆಕ್ಕಶೀರ್ಷಿಕೆಯಲ್ಲಿ ಹಣ ಇಲ್ಲದಿದ್ದರೆ ಮುಂದಿನ ಕಂತಿನವರೆಗೆ ಅದು ಮಲಗಿತು. ಖಾತೆಯ ಹೆಸರಿಗೂ ಆಧಾರ್‌ಗೂ ಒಂದಕ್ಷರ ವ್ಯತ್ಯಾಸವಿದ್ದರೆ ಮತ್ತೆ ವಾಪಸ್. ಉಳಿದ ಹಣ ಮಾರ್ಚ್ ಕೊನೆಗೆ ರದ್ದಾಗುತ್ತದೆ ಎಂಬ ಭಯದಿಂದ ಫೆಬ್ರುವರಿ–ಮಾರ್ಚ್‌ನಲ್ಲಿ ಎಲ್ಲರಿಗೂ ಕಲೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. ಆ ಎರಡು ತಿಂಗಳು ಮೇಳ ಸಿದ್ಧವಾಗಿರಲಿ. ಪ್ಯಾನ್ ಸಂಖ್ಯೆ ಕೊಡದಿದ್ದರೆ ತೆರಿಗೆಯೆಂದು ಶೇ 20ರಷ್ಟು ಮುರಿದುಕೊಳ್ಳುತ್ತಾರೆ, ಅದನ್ನೂ ನೋಡಿಕೊಳ್ಳಿ.

ಈಗ ಆ ಐದು ಲಕ್ಷದ ಮನುಷ್ಯನ ವಿಷಯ. ಅವರು ಹೇಳುತ್ತಿರುವುದು ಕೇಂದ್ರ ಸಂಸ್ಕೃತಿ ಸಚಿವಾಲಯದ ಕಾರ್ಯಕ್ರಮ ಮತ್ತು ನಿರ್ಮಾಣದ ಅನುದಾನವನ್ನು ಕುರಿತು ಇರಬೇಕು. ಅದರ ಸಾಮಾನ್ಯ ಮಿತಿ ಐದು ಲಕ್ಷ. ಆದರೆ ಅದು ಒಟ್ಟು ಖರ್ಚಿನ ಮುಕ್ಕಾಲು ಭಾಗವನ್ನು ಮೀರುವಂತಿಲ್ಲ, ಉಳಿದ ಕಾಲು ಭಾಗವನ್ನು ನೀವು ಹಾಕಬೇಕು. ಲೆಕ್ಕ ಹಾಕಿ. ಐದು ಲಕ್ಷ ಬಂತೆಂದೇ ಇಟ್ಟುಕೊಳ್ಳಿ. ಒಂದೂವರೆ ಲಕ್ಷ ಅವರ ಜೇಬಿಗೆ ಹೋಯಿತು. ಆ ಒಂದೂವರೆ ಲಕ್ಷಕ್ಕೆ ನೀವು ಶಾಮಿಯಾನದವನಿಂದಲೋ ಊಟದವನಿಂದಲೋ ಸುಳ್ಳು ಬಿಲ್ಲು ಬರೆಸಬೇಕು, ಹಣ ಬಳಕೆ ಪ್ರಮಾಣಪತ್ರಕ್ಕೆ ಸಂಘದ ಪರವಾಗಿ ಸಹಿ ಹಾಕಬೇಕು. ವಸೂಲಿ ನೋಟಿಸು ಬರುವುದು ಸಹಿ ಹಾಕಿದವರ ಮನೆಗೆ. ದಲ್ಲಾಳಿಯ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಅರ್ಜಿ ತುಂಬಿಕೊಟ್ಟವರಿಗೆ, ಲೆಕ್ಕಪರಿಶೋಧಕರಿಗೆ ರಸೀದಿ ಪಡೆದು ಶುಲ್ಕ ಕೊಡುವುದು ಬೇರೆ ವಿಷಯ, ಅದು ನ್ಯಾಯವಾದ ಖರ್ಚು. ಮಂಜೂರಾದ ಮೊತ್ತದಲ್ಲಿ ಪಾಲು ಕೇಳಿದವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿ.

ಹಾಗಾದರೆ ನೀವು ಏನನ್ನು ಕೇಳಬೇಕು? ನಿಮ್ಮ ಪತ್ರದ ಕೊನೆಯಲ್ಲಿ, ಒಂದು ಸಾಲಿನಲ್ಲಿ, ಮೂವರು ಹುಡುಗರ ಮಾತು ಬಂದಿದೆ. ನನ್ನ ಕಣ್ಣು ನಿಂತದ್ದು ಅಲ್ಲಿ. ಆಟ ಆಡಿಸಲು ಊರು ಇನ್ನೂ ಹಣ ಕೂಡಿಸುತ್ತದೆ. ಹಬ್ಬಕ್ಕೆ, ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುತ್ತಾರೆ. ಆದರೆ ಹುಡುಗನೊಬ್ಬ ಎರಡು ವರ್ಷ ಕೂತು ತಾಳ, ಹೆಜ್ಜೆ, ಪದ ಕಲಿಯಲು ಯಾವ ಊರೂ ವಂತಿಗೆ ಎತ್ತುವುದಿಲ್ಲ. ಅವನು ಕೂಲಿ ಬಿಟ್ಟು ಬರಬೇಕು. ಸರ್ಕಾರದ ಹಣ ಬೇಕಾದದ್ದು ಆ ಜಾಗಕ್ಕೆ. ಕೇಂದ್ರದ ಗುರು–ಶಿಷ್ಯ ಪರಂಪರೆಯ ನೆರವಿನಲ್ಲಿ ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ 2,000ದಿಂದ 10,000 ರೂಪಾಯಿವರೆಗೆ ಇದೆ. ರಂಗಭೂಮಿಯ ತಂಡವಾದರೆ ಒಬ್ಬ ಗುರುವಿಗೆ ಹದಿನೆಂಟು ಶಿಷ್ಯರವರೆಗೆ, ಸಂಗೀತ, ನೃತ್ಯವಾದರೆ ಹತ್ತರವರೆಗೆ.

ಅಪಾಯವೂ ಇಲ್ಲೇ ಇದೆ. ಒಂದು, ಇಡೀ ದೇಶದ ತಂಡಗಳೊಂದಿಗೆ ಸ್ಪರ್ಧೆ, ಮೊದಲ ಸಲವೇ ಸಿಗುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ಎರಡು, ಹಣ ತಡವಾಗುತ್ತದೆ, ಹುಡುಗರಿಗೆ ಇದನ್ನು ಮೊದಲೇ ಹೇಳಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮೂವರು ಇದ್ದಾರೆಂದು ಇನ್ನೂ ಐದು ಹೆಸರು ಸೇರಿಸುವ ಆಸೆ ಬರುತ್ತದೆ. ಒಂದು ತಂಡದಲ್ಲಿ ಹಾಗೆ ಆಗಿದ್ದನ್ನು ನಾನು ಬಲ್ಲೆ. ಪರಿಶೀಲನೆಗೆ ಬಂದ ದಿನ ಪಟ್ಟಿಯಲ್ಲಿದ್ದ ‘ಶಿಷ್ಯ’ ಬೆಂಗಳೂರಿನಲ್ಲಿ ಕಾರು ಓಡಿಸುತ್ತಿದ್ದ. ಆ ತಂಡದ ಗುರು ನಿಜವಾದ ಗುರು, ನಿಜವಾದ ವಿದ್ಯೆ ಉಳ್ಳವರು. ಆಮೇಲೆ ಯಾವ ಸಮಿತಿಯೂ ಅವರ ಕಡತ ಬಿಚ್ಚಲಿಲ್ಲ. ಮೂವರಿದ್ದರೆ ಮೂವರನ್ನೇ ಬರೆಯಿರಿ.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ತಂದೆಯವರಿಗೆ 67. ಕೇಂದ್ರದಲ್ಲಿ ಅರವತ್ತು ದಾಟಿದ ಹಿರಿಯ ಕಲಾವಿದರಿಗೆ ತಿಂಗಳಿಗೆ 6,000 ರೂಪಾಯಿವರೆಗೆ ನೆರವು ಇದೆ, ವಾರ್ಷಿಕ ಆದಾಯ 72,000 ಮೀರಬಾರದು. ರಾಜ್ಯದಲ್ಲಿ ಕಷ್ಟದಲ್ಲಿರುವ ಕಲಾವಿದರಿಗೆ 58ರ ನಂತರ ಮಾಸಾಶನ ಇದೆ. ಈಗ ನೋಡಿ, ಅವರೇ ಗುರುವಾಗಿ ತಿಂಗಳಿಗೆ 15,000 ಪಡೆದರೆ ವರ್ಷಕ್ಕೆ 1,80,000 ಆಯಿತು. ಆದಾಯದ ಮಿತಿ ಅಲ್ಲೇ ಹಾರಿಹೋಯಿತು. ಗುರುವಿನ ಮೊತ್ತ ದೊಡ್ಡದು, ಆದರೆ ಮುಂದಿನ ವರ್ಷ ಬರುತ್ತದೆಂಬ ಖಾತ್ರಿ ಇಲ್ಲ. ಮಾಸಾಶನ ಚಿಕ್ಕದು, ಒಮ್ಮೆ ಮಂಜೂರಾದರೆ ನೆಲೆ ನಿಲ್ಲುತ್ತದೆ. ಎರಡಕ್ಕೂ ಏಕಕಾಲಕ್ಕೆ ಕೈಹಾಕಿ, ಒಂದರಲ್ಲಿ ಇನ್ನೊಂದನ್ನು ಮುಚ್ಚಿಟ್ಟರೆ ಎರಡೂ ಹೋಗುತ್ತವೆ. ಬೇರೆ ಯಾವುದೇ ಪಿಂಚಣಿ ಬರುತ್ತಿದ್ದರೂ ಬರೆಯಿರಿ. ನನ್ನನ್ನು ಕೇಳಿದರೆ, ಅವರ ಆರೋಗ್ಯ ಗಟ್ಟಿಯಾಗಿದ್ದು ಇನ್ನೂ ನಾಲ್ಕೈದು ವರ್ಷ ಕಲಿಸುವ ಶಕ್ತಿ ಇದ್ದರೆ ಗುರು–ಶಿಷ್ಯದ ದಾರಿ ಹಿಡಿಯಿರಿ. ದಮ್ಮು, ಮಂಡಿನೋವು ಕಾಡುತ್ತಿದ್ದರೆ ಮೊದಲು ಮಾಸಾಶನ ಭದ್ರ ಮಾಡಿ, ಕಲಿಕೆಗೆ ಬೇರೆ ಬಾಗಿಲು ಹುಡುಕೋಣ.

ಆ ಬೇರೆ ಬಾಗಿಲು ನೀವೇ ಆಗಬಹುದು. ಕೇಂದ್ರ ಸಚಿವಾಲಯದ ಕಿರಿಯ ಫೆಲೋಶಿಪ್ 25ರಿಂದ 40 ವರ್ಷದವರಿಗೆ. ತಿಂಗಳಿಗೆ 10,000, ಎರಡು ವರ್ಷ. ತಂದೆಯವರ ಬಾಯಲ್ಲಿರುವ ಪ್ರಸಂಗಗಳು, ಮಟ್ಟುಗಳು, ವೇಷಗಾರಿಕೆ, ಮುಖವೀಣೆ ಇದ್ದ ಕಾಲದಲ್ಲಿ ಹಿಮ್ಮೇಳ ಹೇಗಿತ್ತು ಎಂಬ ನೆನಪು, ಇಷ್ಟನ್ನು ದಾಖಲಿಸುವ ಯೋಜನೆ ಬರೆದರೆ ಅದು ಗಟ್ಟಿ ಅರ್ಜಿಯಾಗುತ್ತದೆ. ನಿಮ್ಮ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರು ಮೂಡಲಪಾಯವನ್ನು ವಿದ್ವತ್ ಲೋಕದ ಮುಂದಿಟ್ಟವರು. ಮಾನಸಗಂಗೋತ್ರಿಯ ಜಾನಪದ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಯಾವ ಕೆಲಸ ಆಗಿದೆ, ಯಾವುದು ಬಾಕಿ ಎಂದು ತಿಳಿಯದೆ ಯೋಜನೆ ಬರೆದರೆ ಆಗಿರುವುದನ್ನೇ ಮತ್ತೆ ಬರೆದಂತಾಗುತ್ತದೆ.

ಇಪ್ಪತ್ತು ನಿಮಿಷದ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಕಟುವಾಗಿದೆ. ದಸರೆಯಂಥ ಉತ್ಸವಗಳು ಮೇಳಕ್ಕೆ ಹೆಸರು ಕೊಡುತ್ತವೆ, ಮುಂದಿನ ಅರ್ಜಿಗೆ ಪ್ರಮಾಣಪತ್ರ ಕೊಡುತ್ತವೆ. ಇಷ್ಟಕ್ಕಾಗಿ ಹೋಗಿ. ಶ್ರೀರಂಗಪಟ್ಟಣದ ದಸರೆ ನಿಮಗೆ ಹತ್ತಿರವೂ ಹೌದು. ಆದರೆ ಮೆರವಣಿಗೆಗೆ ಮೇಳವನ್ನು ಒಪ್ಪಿಸಬೇಡಿ. ಅರಮನೆಯಿಂದ ಬನ್ನಿಮಂಟಪದವರೆಗೆ ಐದು ಕಿಲೋಮೀಟರ್ ನಡೆಯುತ್ತ ಕುಣಿಯಲು ಪೂಜಾ ಕುಣಿತ, ಡೊಳ್ಳು, ವೀರಗಾಸೆ ಹೇಳಿ ಮಾಡಿಸಿದಂತಿವೆ. ಮೂಡಲಪಾಯಕ್ಕೆ ರಂಗ ಬೇಕು, ಮಾತು ಕೇಳಿಸಬೇಕು. ಸ್ತಬ್ಧಚಿತ್ರದ ಹಿಂದೆ ಭುಜಕೀರ್ತಿ ಹೊತ್ತು ನಡೆದರೆ ಅದು ಬರೀ ವೇಷ. ವೇದಿಕೆಯಲ್ಲಿ ಇಪ್ಪತ್ತು ನಿಮಿಷ ಕೊಟ್ಟರೆ ಇಡೀ ಪ್ರಸಂಗವನ್ನು ಹಿಂಡಿ ತುರುಕಬೇಡಿ. ಒಂದು ಒಡ್ಡೋಲಗವನ್ನು, ಅಂದರೆ ಪಾತ್ರ ರಂಗಕ್ಕೆ ಬರುವ ಕುಣಿತವನ್ನು, ಪೂರ್ತಿ ಮಾಡಿ ಇಳಿದುಬನ್ನಿ. ನೋಡಿದವರು ಉಳಿದದ್ದನ್ನು ಕೇಳಲಿ. ಊರ ಹಬ್ಬದ ರಾತ್ರಿಯಾಟವನ್ನು ಮಾತ್ರ ಯಾವ ಅನುದಾನಕ್ಕಾಗಿಯೂ ಬಿಡಬೇಡಿ. ಅನುದಾನ ನಿಂತ ವರ್ಷ ಮೇಳವನ್ನು ಸಾಕುವುದು ಅದೇ.

ಮೊದಲ ಕೆಲಸ ಸಂಘದ್ದು. ‘ಹಳೆಯದು ಹಾಳಾಯಿತು, ಹೊಸ ಸಂಘ ಮಾಡಿಬಿಡೋಣ’ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅನುದಾನಗಳಿಗೆ ಸಾಮಾನ್ಯವಾಗಿ ನೋಂದಣಿಯಾಗಿ ಮೂರು ವರ್ಷ ಕಳೆದಿರಬೇಕು. ಹೊಸ ಸಂಘವಾದರೆ ಆ ಎಣಿಕೆ ಇವತ್ತಿನಿಂದ ಶುರು. 2014ರ ನೋಂದಣಿ ನಿಮ್ಮ ಆಸ್ತಿ. ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿ ಇರುವುದು ಸಹಕಾರ ಇಲಾಖೆಯಲ್ಲಿ. ಡೇರಿ ಕಾರ್ಯದರ್ಶಿಗೆ ಆ ಮೆಟ್ಟಿಲು ಹೊಸದಲ್ಲ. ಬಾಕಿ ವರ್ಷಗಳ ಕಾರ್ಯಕಾರಿ ಪಟ್ಟಿ, ಲೆಕ್ಕಪತ್ರ ಸಿದ್ಧಪಡಿಸಿ, ದಂಡ ಕಟ್ಟಿ ನವೀಕರಿಸುವ ಅವಕಾಶ ಕೇಳಿ. ಆಮೇಲೆ ಸಂಘದ ಹೆಸರಿನಲ್ಲೇ ಜಂಟಿ ಖಾತೆ, ಪ್ಯಾನ್, ಕೇಂದ್ರದ ಅರ್ಜಿಗೆ ನೀತಿ ಆಯೋಗದ ದರ್ಪಣ್ ಪೋರ್ಟಲ್ ನೋಂದಣಿ. ರಾಜ್ಯದ ಅರ್ಜಿಗಳಿಗೆ ಸೇವಾ ಸಿಂಧು.

ತಂದೆಯವರ ಆಧಾರ್ ನೋಡಿದಿರಾ? ನಮ್ಮ ಕಡೆ ಬಹುತೇಕ ಕಲಾವಿದರದು ಇದೇ ಗೋಳು. ಆಧಾರ್‌ನಲ್ಲಿ ಒಂದು ಹೆಸರು, ಕರಪತ್ರದಲ್ಲಿ ಊರಿನ ಹೆಸರಿನ ಮುಂದೆ ‘ಭಾಗವತರು’. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ, ಗ್ರಾಮ ಪಂಚಾಯಿತಿಯಿಂದಲೂ ಒಂದು ಪತ್ರ ಪಡೆಯಿರಿ. ಹಳೆಯ ಕರಪತ್ರಗಳು ಮನೆಯಲ್ಲೇ ಎಲ್ಲೋ ಇರುತ್ತವೆ, ಸಾಮಾನ್ಯವಾಗಿ ಗೆಜ್ಜೆ ಇಡುವ ಟ್ರಂಕಿನ ತಳದಲ್ಲಿ, ಕಿರೀಟಕ್ಕೆ ಸುತ್ತಿದ ಕಾಗದವಾಗಿ. ಅಟ್ಟಕ್ಕೆ ಹಾಕುವ ಮೊದಲು ಬಿಚ್ಚಿ ನೋಡಿ. ಗೆದ್ದಲು ತಿಂದಿದ್ದರೂ ಪರವಾಗಿಲ್ಲ, ಊರಿನ ಹೆಸರು ಮತ್ತು ದಿನಾಂಕ ಓದಲು ಬಂದರೆ ಸಾಕು.